ಅಜ್ಜಿಯ ಹೆಬ್ಬೆಟ್ಟು ಯಾವ ಕಡತದಲ್ಲಿದೆ?

ನಿಮ್ಮ ತಾಯಿ ಹುಟ್ಟಿದ ದಿನಾಂಕ ಯಾವುದು? ಹುಟ್ಟಿದ ಊರು ಯಾವುದು? 2020ರ ರಾಷ್ಟ್ರೀಯ ಜನಸಂಖ್ಯಾ ನೋಂದಣಿಗೆಂದು ಕೇಂದ್ರ ಸರಕಾರ ಸಿದ್ಧಪಡಿಸಿದ್ದ ನಮೂನೆಯಲ್ಲಿ ಈ ಪ್ರಶ್ನೆಗಳಿದ್ದವು. ಕೊರೊನಾ ಬಂತು, ಆ ಕೆಲಸ ನಿಂತಿತು. ಆದರೆ ಅಷ್ಟರೊಳಗೆ ಚಳ್ಳಕೆರೆಯ ನಮ್ಮ ಓಣಿಯಲ್ಲಿ ಮನೆಮನೆಯ ಟ್ರಂಕುಗಳು ಬಾಯಿ ತೆರೆದಾಗಿತ್ತು. ಎಪ್ಪತ್ತು ದಾಟಿದ ನಮ್ಮ ತಂದೆ ಮಂಚದ ಮೇಲೆ ಹಳೆಯ ಕಾಗದಗಳನ್ನು ಹರವಿಕೊಂಡು ಕುಳಿತಿದ್ದರು. ಬರಗಾಲಕ್ಕೂ ಸಾಲಗಾರರಿಗೂ ಹೆದರದ ಮನುಷ್ಯ. ಅಂದು ಅವರ ಮುಖದಲ್ಲಿ ಕಂಡದ್ದು ಹೆದರಿಕೆಯೇ. "ಅವ್ವ ಹುಟ್ಟಿದ್ದು ಯಾವಾಗಂತ ಯಾರನ್ನ ಕೇಳಾನಪ್ಪ ಈಗ?" ಎಂದರು. ಅವರ ಅವ್ವ, ಅಂದರೆ ನಮ್ಮ ಅಜ್ಜಿ, ತೀರಿಕೊಂಡು ಆಗಲೇ ಮೂವತ್ತು ವರ್ಷ ಆಗುತ್ತ ಬಂದಿತ್ತು.

ಅಂದಿನಿಂದ ನಾವು ಅಜ್ಜಿಯನ್ನು ಹುಡುಕುತ್ತಿದ್ದೇವೆ. ಮನೆಯ ಹಿರಿಯರ ನೆನಪಿನಲ್ಲಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಉಪನೋಂದಣಿ ಕಚೇರಿಯಲ್ಲಿ, ಮಸೀದಿಯ ದಫ್ತರಿನಲ್ಲಿ. ಹುಡುಕಿದ್ದರ ಫಲವನ್ನು ಮೊದಲೇ ಹೇಳಿಬಿಡುತ್ತೇವೆ. ಎಪ್ಪತ್ತು ವರ್ಷ ಬದುಕಿ, ಐದು ಮಕ್ಕಳನ್ನು ಸಾಕಿದ ಆ ಹೆಂಗಸಿನ ಹೆಸರು ನಾಲ್ಕು ಕಾಗದಗಳಲ್ಲಿ ಸಿಕ್ಕಿತು. ಆ ನಾಲ್ಕರಲ್ಲಿ ಆಕೆಯ ಕೈಗೆ ಏನಾದರೂ ತಂದುಕೊಟ್ಟ ಕಾಗದ ಒಂದೂ ಇಲ್ಲ.

ಬರೆಯಬೇಕಾದವರು ಬರೆಯಲಿಲ್ಲ. ಈಗ ಬರೆಯದೇ ಹೋದವರೇ ಬಂದು 'ಬರೆದದ್ದನ್ನು ತೋರಿಸು' ಎನ್ನುತ್ತಿದ್ದಾರೆ. ಇದನ್ನು ಒಪ್ಪಲು ನಾವು ತಯಾರಿಲ್ಲ. ಹಾಗೆಂದು ಸರಕಾರದ ಕಡೆಗೇ ಬೆರಳು ತೋರಿಸಿ, ನಮ್ಮ ಮನೆಯೊಳಗೆ ನಡೆದ ಮೋಸವನ್ನು ಮುಚ್ಚಿಡುವುದಕ್ಕೂ ತಯಾರಿಲ್ಲ.

ಅಜ್ಜಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಗುಟ್ಟೇನೂ ಅಲ್ಲ, ಯಾವ ಹೆಸರು ಬರೆಯಬೇಕೆಂಬುದರಲ್ಲಿ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ನಿಕಾಹ್ ದಫ್ತರಿನಲ್ಲಿ 'ಬೀ' ಎಂದು ಮುಗಿಯುವ ಒಂದು ಹೆಸರಿದೆ. ಮತದಾರರ ಪಟ್ಟಿಯಲ್ಲಿ ಅದೇ ಹೆಸರು 'ಅಮ್ಮ' ಎಂದು ಮುಗಿಯುತ್ತದೆ. ರಾಯದುರ್ಗದ ನೋಂದಣಿ ಪತ್ರದಲ್ಲಿ ತೆಲುಗು ಅಕ್ಷರದಲ್ಲಿರುವುದು ಮೂರನೆಯದು. ಅದು ತವರಿನಲ್ಲಿ ಕರೆಯುತ್ತಿದ್ದ ಅಕ್ಕರೆಯ ಹೆಸರಂತೆ. ಒಂದನ್ನು ಸರಿ ಎಂದರೆ ಉಳಿದ ಎರಡು ಸುಳ್ಳಾಗುತ್ತವೆ. ಫಾತಿಮಾ ಎಂಬವಳು ಒಂದು ಕಡೆ ಪಾತಿಮಾಬಿ, ಇನ್ನೊಂದು ಕಡೆ ಪಾತಮ್ಮ, ಮತ್ತೊಂದು ಕಡೆ ಫಾತೀಮಬೀ ಆಗುವುದು ನಮ್ಮ ಸೀಮೆಯಲ್ಲಿ ಯಾರಿಗೂ ಆಶ್ಚರ್ಯವಲ್ಲ. ಬರೆದುಕೊಳ್ಳುವವನ ಕಿವಿ ಹೇಗೋ ಹೆಸರೂ ಹಾಗೆ. ಕಂಪ್ಯೂಟರಿಗೆ ಮಾತ್ರ ಅವರು ಮೂವರು ಬೇರೆ ಬೇರೆ ಹೆಂಗಸರು.

ಹುಟ್ಟಿದ ದಿನವೂ ಅಷ್ಟೇ. ಅಜ್ಜಿ ಹೇಳುತ್ತಿದ್ದ ಲೆಕ್ಕವನ್ನು ನಮ್ಮ ಸೋದರತ್ತೆ ಇಂದಿಗೂ ನೆನಪಿಟ್ಟಿದ್ದಾರೆ: ಗೌರಸಮುದ್ರದ ಮಾರಮ್ಮನ ಜಾತ್ರೆ ಮುಗಿದ ಮೂರನೇ ದಿನ. ನಮ್ಮದು ಪಿಂಜಾರರ ಮನೆತನ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಹಾಸಿಗೆ, ದಿಂಬು ಹೊಲಿದು ಬದುಕಿದವರು. ಜಾತ್ರೆಗಳೇ ನಮ್ಮವರ ಸಂತೆ, ಜಾತ್ರೆಗಳೇ ನಮ್ಮವರ ಪಂಚಾಂಗ. ಮುಸ್ಲಿಂ ಕೂಸೊಂದು ಮಾರಮ್ಮನ ಜಾತ್ರೆಯ ಲೆಕ್ಕದಲ್ಲಿ ಹುಟ್ಟಿದ್ದು ಅಂದು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಮೂರನೇ ದಿನವೇನೋ ಸರಿ, ಯಾವ ವರ್ಷದ್ದು? ಅದನ್ನು ಹೇಳುವವರಿಲ್ಲ.

2020ರ ಆ ನೋಂದಣಿಗೆ ಹೋಗುವ ಗಣತಿದಾರರಿಗೆ ಒಂದು ಕೈಪಿಡಿ ಕೊಟ್ಟಿದ್ದರು. ಹುಟ್ಟಿದ ದಿನ ಗೊತ್ತಿಲ್ಲದವರನ್ನು ಯಾವ ಹಬ್ಬದ ಆಸುಪಾಸಿನಲ್ಲಿ ಹುಟ್ಟಿದ್ದು ಎಂದು ಕೇಳಿ ತಿಂಗಳನ್ನು ಅಂದಾಜು ಮಾಡಬೇಕಿತ್ತು. ಅದಕ್ಕಾಗಿ ಕೊಟ್ಟ ಹಬ್ಬಗಳ ಪಟ್ಟಿಯಲ್ಲಿ ಮುಸ್ಲಿಮರ ಒಂದು ಹಬ್ಬವೂ ಇರಲಿಲ್ಲ ಎಂದು ಆಗ ಪತ್ರಿಕೆಗಳು ಬರೆದವು. ನಮ್ಮ ತಿಂಗಳುಗಳು ಚಂದ್ರನ ಲೆಕ್ಕದವು, ರಮಝಾನ್ ಒಮ್ಮೆ ಬೇಸಗೆಯಲ್ಲಿ ಒಮ್ಮೆ ಮಳೆಗಾಲದಲ್ಲಿ ಬರುತ್ತದೆ, ಆದ್ದರಿಂದ ಬಿಟ್ಟಿರಬಹುದು ಎಂದು ನಾವು ಒಳ್ಳೆಯ ಮನಸ್ಸಿನಿಂದಲೇ ಅಂದುಕೊಳ್ಳೋಣ. ಹಬ್ಬದ ಹೆಸರಿನಲ್ಲಿ ಹುಟ್ಟಿದ ದಿನ ಹುಡುಕಬಹುದೆಂದು ಸರಕಾರವೇ ಒಪ್ಪಿದ ಮೇಲೆ ಅಜ್ಜಿಯ ಜಾತ್ರೆಯ ಲೆಕ್ಕವೂ ಸಾಕ್ಷಿಯೇ ತಾನೆ? ಮನೆಬಾಗಿಲಲ್ಲಿ ನೆನಪನ್ನು ಒಪ್ಪುತ್ತಾರೆ, ಕಚೇರಿಯ ಕಿಟಕಿಯಲ್ಲಿ ಒಪ್ಪುವುದಿಲ್ಲ. ಇದು ಯಾವ ನ್ಯಾಯ?

ಅಜ್ಜಿಯ ತವರು ರಾಯದುರ್ಗದ ಕಡೆಯ ಒಂದು ಹಳ್ಳಿ. ಕೊಟ್ಟದ್ದು ಮೊಳಕಾಲ್ಮುರು ತಾಲ್ಲೂಕಿಗೆ. ಎತ್ತಿನ ಗಾಡಿ ಕಟ್ಟಿದರೆ ಒಂದು ಹಗಲಿನ ದಾರಿ. ಎರಡೂ ಕಡೆ ಅದೇ ಬಂಡೆಗುಡ್ಡ, ಅದೇ ಕೆಂಪು ಮಣ್ಣು, ಅದೇ ಕನ್ನಡ ಬೆರೆತ ತೆಲುಗು. ಆದರೆ ರಾಯದುರ್ಗ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬ್ರಿಟಿಷರ ಆಡಳಿತ. ಮೊಳಕಾಲ್ಮುರು ಮೈಸೂರು ಮಹಾರಾಜರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಮದುವೆಯಾಗಿ ಗಾಡಿ ಹತ್ತಿದ ಹುಡುಗಿ ತನಗರಿವಿಲ್ಲದೆಯೇ ಒಂದು ಆಡಳಿತದಿಂದ ಇನ್ನೊಂದಕ್ಕೆ ಬಂದಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. 1956ರಲ್ಲಿ ವಿಶಾಲ ಮೈಸೂರು, 1973ರಲ್ಲಿ ಕರ್ನಾಟಕ. ಅಜ್ಜಿ ಒಲೆ ಬದಲಿಸಲಿಲ್ಲ, ರಾಜ್ಯದ ಹೆಸರು ಬದಲಾಗುತ್ತ ಹೋಯಿತು. ಆಕೆ ಯಾರ ಮಗಳು ಎಂಬ ಕಾಗದ ಬೇಕಾದರೆ ನಾವು ಇಂದು ಬೇರೆ ರಾಜ್ಯಕ್ಕೆ ಹೋಗಿ, ಬೇರೆ ಲಿಪಿಯಲ್ಲಿ ಹುಡುಕಬೇಕು. ಗಡಿ ದಾಟಿದ್ದು ಅಜ್ಜಿಯೋ, ಅಥವಾ ಗಡಿಯೇ ಅಜ್ಜಿಯನ್ನು ದಾಟಿಹೋಯಿತೋ?

ಈ ಸೀಮೆಗೆ ಬರೆದಿಡುವುದು ಗೊತ್ತಿರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಮೊಳಕಾಲ್ಮುರು ತಾಲ್ಲೂಕೊಂದರಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಬಂದ ಆ ಆಜ್ಞೆಯಲ್ಲಿ ತಾಯಿ ತಂದೆಯರ ಮಾತು ಕೇಳಬೇಕೆಂಬ ಬುದ್ಧಿವಾದವೂ ಇದೆ. ತಾಯಿಯ ಹೆಸರೇ ಮೊದಲು. ಕೊನೆಯಲ್ಲಿ ಅದನ್ನು ಬರೆದ ಚಪಡನ ಹೆಸರಿದೆ. ತಾನು ಲಿಪಿಕಾರ ಎಂಬ ಮಾತನ್ನು ಆತ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಬಂಡೆಯ ಮೇಲೆ ಆಜ್ಞೆ ಬರೆದ ಗುಮಾಸ್ತನ ಹೆಸರು ನಮಗೆ ಗೊತ್ತು. ಅದೇ ಬಂಡೆಗಳ ನೆರಳಿನಲ್ಲಿ ನಮ್ಮ ತಂದೆಯನ್ನು ಹೆತ್ತವಳ ಹೆಸರನ್ನು ಬರೆದುಕೊಳ್ಳುವವರು ಇರಲಿಲ್ಲ.

ಇಲ್ಲೊಂದು ಸಂಗತಿಯನ್ನು ಹೇಳಲೇಬೇಕು. ಚೊಚ್ಚಲ ಮಗ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: "ಬಿಳೀ ದೊರೆ ಸಿದ್ದಾಪುರದ ತಾವ ಗುಂಡಿ ತೋಡ್ಸಿದ ವರ್ಷ." ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಜನ್ಮದಿನ 1-6-1949 ಎಂದಿದೆ. ಜೂನ್ ಒಂದನೇ ತಾರೀಕು ನಮ್ಮ ಕಡೆ ಎಷ್ಟು ಮಕ್ಕಳು ಹುಟ್ಟಿದ್ದಾರೋ ಲೆಕ್ಕವಿಲ್ಲ. ಮೇಷ್ಟ್ರು ಹುಡುಗನ ಎತ್ತರ ನೋಡಿ ಬರೆದುಕೊಳ್ಳುತ್ತಿದ್ದ ತಾರೀಕು ಅದು. ನಾವು ಓದಿ ನೋಡಿದೆವು. ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದ್ದು 1947ರಲ್ಲಿ. ಅಕ್ಷರ ಬಾರದ ಅಜ್ಜಿಯ ಲೆಕ್ಕ ಸರಿಯಿತ್ತು, ಮುದ್ರೆ ಬಿದ್ದ ದಾಖಲೆ ಎರಡು ವರ್ಷ ತಪ್ಪಿತ್ತು. ಆದರೂ ಯಾವ ಕಚೇರಿಗೆ ಹೋದರೂ ಗೆಲ್ಲುವುದು ಮೇಷ್ಟ್ರ ಅಂದಾಜೇ. ವೀಲರ್ ಅಗೆದ ಮಡಕೆ ಚೂರುಗಳಿಗೆ ಕಾಲ ಕಟ್ಟಿ ಪುಸ್ತಕ ಬರೆದರು. ಆ ಗುಂಡಿಯನ್ನೇ ತನ್ನ ಮಗನ ಜಾತಕ ಮಾಡಿಕೊಂಡ ಹೆಂಗಸು ಹುಟ್ಟಿದ ವರ್ಷ ಇಂದಿಗೂ ಖಾಲಿ.

ಈಗ ಆ ನಾಲ್ಕು ಕಾಗದಗಳ ವಿಷಯ.

ಮೊದಲನೆಯದು ನಿಕಾಹ್ ದಫ್ತರು. ಗೆದ್ದಲು ತಿಂದು ಉಳಿದ ಪುಟದಲ್ಲಿ ಹಿಜರಿ 1363ರ ರಜಬ್ ಎಂದಿದೆ, ಅಂದರೆ 1944ರ ಮಳೆಗಾಲದ ಆರಂಭ. ವಧುವಿನ ಹೆಸರು, ಆಕೆಯ ತಂದೆಯ ಹೆಸರು, ಸಾಕ್ಷಿಗಳು, ಮಹರ್ 125 ರೂಪಾಯಿ, ಬಾಕಿ. ವಯಸ್ಸಿನ ಜಾಗದಲ್ಲಿ 'ಬಾಲಿಗಾ' ಎಂಬ ಒಂದೇ ಪದ, ಪ್ರಾಯಕ್ಕೆ ಬಂದವಳು ಎಂದಷ್ಟೆ. ಉರ್ದು ಓದಬಲ್ಲ ಹಿರಿಯರೊಬ್ಬರು ಅದನ್ನು ಓದಿ ಹೇಳಿದಾಗ ನಮಗೆ ಹೆಮ್ಮೆಯೇ ಆಯಿತು. ಸರಕಾರ ಬರೆಯದ ಕಾಲದಲ್ಲಿ ನಮ್ಮ ಸಮಾಜ ಹೆಣ್ಣಿನ ಹೆಸರನ್ನೂ ಆಕೆಗೆ ಸಲ್ಲಬೇಕಾದ ಹಣವನ್ನೂ ಬರೆದಿಟ್ಟಿತ್ತಲ್ಲ!

ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ಆ ಬಾಕಿ ಮಹರ್ ಏನಾಯಿತು ಎಂದು ಸೋದರತ್ತೆಯನ್ನು ಕೇಳಿದೆವು. ಅಜ್ಜ ತೀರಿಕೊಂಡ ದಿನ ಮಯ್ಯತ್ತನ್ನು ಎತ್ತುವ ಮೊದಲು ಅಜ್ಜಿಯನ್ನು ಕರೆದು ಜನಾಝದ ಮುಂದೆ ನಿಲ್ಲಿಸಿ, "ಮಹರ್ ಮಾಫ್ ಮಾಡಿದೆ ಅನ್ನು" ಎಂದರಂತೆ. ಅಳುತ್ತ ನಿಂತ ಹೆಂಗಸು ಇನ್ನೇನು ಹೇಳಿಯಾಳು? ಇಪ್ಪತ್ತು ವರ್ಷಕ್ಕೂ ಮೀರಿ ಕೊಡದೆ ಉಳಿಸಿಕೊಂಡ ಸಾಲವನ್ನು ಹೆಣದ ಮುಂದೆ ಮನ್ನಾ ಮಾಡಿಸಿಕೊಳ್ಳುವ ಈ ಪದ್ಧತಿಗೆ ಯಾವ ಕಿತಾಬಿನಲ್ಲಿ ಆಧಾರವಿದೆ ಎಂದು ನಮ್ಮ ಆಲಿಮರು ಹೇಳಲಿ. ಮಹರ್ ಹೆಂಡತಿಯ ಹಕ್ಕು, ಗಂಡ ಬದುಕಿರುವಾಗ ತೀರಿಸಬೇಕಾದ ಋಣ. ತೀರಿಸದೆ ಸತ್ತರೆ ಆಸ್ತಿ ಹಂಚುವ ಮೊದಲು ಅದರಿಂದ ಕೊಡಬೇಕಾದ ಸಾಲ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೇಳುವವರಿಲ್ಲ, ಏಕೆಂದರೆ ಹಾಗೆ ನಿಂತವಳು ಪ್ರತಿ ಮನೆಯಲ್ಲೂ ಒಬ್ಬಳಿದ್ದಾಳೆ.

ಎರಡನೆಯ ಕಾಗದ ಇನ್ನೂ ಕಹಿ. 1958ರಲ್ಲಿ ರಾಯದುರ್ಗದಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ. ಮುತ್ತಜ್ಜ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು, ಒಬ್ಬಳೇ ಮಗಳು. ಹೆಂಡತಿ ಮೊದಲೇ ಹೋಗಿದ್ದರು. ಆರು ಎಕರೆ ಖುಷ್ಕಿ ಜಮೀನು. ಮಗಳಿಗೆ ಮಗನ ಅರ್ಧ ಪಾಲು ಎಂಬ ಕುರ್‌ಆನಿನ ಲೆಕ್ಕದಂತೆ ಐದರಲ್ಲಿ ಒಂದು ಭಾಗ ಅಜ್ಜಿಗೆ ಬರಬೇಕು: 1 ಎಕರೆ 20 ಸೆಂಟು. ಬಂದದ್ದು ಒಂದು ಸೀರೆ. ಅಣ್ಣಂದಿರು ಗಾಡಿ ಕಳಿಸಿ ಕರೆಸಿಕೊಂಡು, ಊಟ ಹಾಕಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಸೀರೆ ಕೊಟ್ಟು ಕಳಿಸಿದರು. ಪತ್ರದಲ್ಲಿ 'ಸ್ವಸಂತೋಷದಿಂದ' ಎಂದಿದೆ. ಅಜ್ಜಿ ಆ ಸೀರೆಯನ್ನು ಉಡಲೇ ಇಲ್ಲ ಎಂಬುದು ಪತ್ರದಲ್ಲಿಲ್ಲ, ಸೋದರತ್ತೆಯ ನೆನಪಿನಲ್ಲಿದೆ.

ಇದು ಮುಸ್ಲಿಮರ ಮನೆಯ ಕತೆ ಮಾತ್ರವೆಂದು ಪಕ್ಕದ ಮನೆಯವರು ನಿಟ್ಟುಸಿರು ಬಿಡಬೇಕಾಗಿಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಅದರ ನಂತರವೂ ಉಪನೋಂದಣಿ ಕಚೇರಿಗಳ ಮುಂದೆ ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತಂದು ಇಳಿಸುವುದು ನಿಂತಿಲ್ಲ. ಕಾನೂನು ಬೇರೆ, ಹೆಬ್ಬೆಟ್ಟು ಒಂದೇ.

ಈಗ ಆ ಪತ್ರದ ಇನ್ನೊಂದು ಮಗ್ಗುಲನ್ನು ನೋಡಿ. ಅಜ್ಜಿ ಇಂಥವರ ಮಗಳು, ಇಂಥ ಊರಿನವಳು, ಇಂಥವರನ್ನು ಮದುವೆಯಾಗಿ ಮೈಸೂರು ರಾಜ್ಯದ ಮೊಳಕಾಲ್ಮುರು ತಾಲ್ಲೂಕಿನಲ್ಲಿದ್ದಾಳೆ ಎಂದು ಸರಕಾರದ ಮುದ್ರೆಯೊಂದಿಗೆ ಹೇಳುವ ಕಾಗದ ಜಗತ್ತಿನಲ್ಲಿ ಇದೊಂದೇ. ನಾಳೆ ಯಾರಾದರೂ ಬಂದು 'ನಿನ್ನ ಅಜ್ಜಿ ಈ ದೇಶದವಳೆಂದು ತೋರಿಸು' ಎಂದರೆ, ಆಕೆಯ ಪಾಲನ್ನು ಕಸಿದುಕೊಂಡ ಪತ್ರವನ್ನೇ ನಾವು ಕೈಯಲ್ಲಿ ಹಿಡಿದು ನಿಲ್ಲಬೇಕು. ಅಣ್ಣಂದಿರು ನ್ಯಾಯವಂತರಾಗಿ, ಬಾಯಿಮಾತಿನಲ್ಲೇ ಹೊಲ ಹಂಚಿಕೊಟ್ಟಿದ್ದರೆ ಆ ಕಾಗದವೂ ಇರುತ್ತಿರಲಿಲ್ಲ. ಮೋಸ ಹೋದವಳಿಗೆ ದಾಖಲೆಯಿದೆ, ಮೋಸ ಹೋಗದವಳಿಗೆ ಇಲ್ಲ. ಇಂಥ ವ್ಯವಸ್ಥೆಯ ಮೇಲೆ ಪೌರತ್ವವನ್ನು ನಿಲ್ಲಿಸಲು ಹೊರಟವರ ಧೈರ್ಯಕ್ಕೆ ಏನೆನ್ನಬೇಕು?

ಮೂರನೆಯದು ಮತದಾರರ ಪಟ್ಟಿ. ಅದರಲ್ಲಿ ಅಜ್ಜಿ 'ಗಂಡ: ಇಂಥವರು, ವಯಸ್ಸು 40'. ಹತ್ತು ವರ್ಷದ ನಂತರದ ಪಟ್ಟಿಯಲ್ಲಿ ವಯಸ್ಸು 45. ನಗಬೇಕೋ ಅಳಬೇಕೋ! ಆದರೂ ಆಕೆಯ ಹೆಸರು ಇತ್ತಲ್ಲ, ಅದೇ ಪುಣ್ಯ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ ಉತ್ತರದ ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬೇಕೇ ಬೇಕೆಂದರು. ಕಾಲಾವಕಾಶವನ್ನೂ ಕೊಟ್ಟರು. ಕೊನೆಗೆ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹತ್ತಿರ ಹತ್ತಿರ 28 ಲಕ್ಷ ಮಂದಿಯ ಹೆಸರುಗಳು ಪಟ್ಟಿಯಿಂದ ಹೊರಬಿದ್ದವು. ಸೇನ್ ಅವರ ಉದ್ದೇಶ ಒಳ್ಳೆಯದೇ. ಹೆಣ್ಣಿಗೆ ತನ್ನದೇ ಹೆಸರಿರಬೇಕೆಂಬ ಹಟಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಹೆಸರು ಹೇಳದಂತೆ ಬಾಯಿ ಕಟ್ಟಿದವರು ಮನೆಯ ಗಂಡಸರು, ಮತ ಕಳೆದುಕೊಂಡವರು ಹೆಂಗಸರು.

ಹೆಚ್ಚಿನ ಪ್ರಕರಣಗಳು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯಪ್ರದೇಶಗಳಲ್ಲಿ. ಅದೇ ಬಿಹಾರದಲ್ಲಿ 2025ರ ಜೂನ್ ತಿಂಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. 2003ರ ಪಟ್ಟಿಯೇ ಬುನಾದಿ. ಅದರಲ್ಲಿ ಹೆಸರಿಲ್ಲದವರು ತಮ್ಮ ದಾಖಲೆ, ವಯಸ್ಸಿಗೆ ತಕ್ಕಂತೆ ತಂದೆತಾಯಿಯರ ದಾಖಲೆ ತರಬೇಕು. ಮದುವೆಯಾಗಿ ಬಂದ ಹೆಣ್ಣುಮಗಳಿಗೆ ಅತ್ತೆ ಮಾವನ ಹೆಸರು ಆ ಪಟ್ಟಿಯಲ್ಲಿದ್ದರೂ ಉಪಯೋಗಕ್ಕೆ ಬರಲಿಲ್ಲ, ತವರಿನ ಪಟ್ಟಿಯನ್ನೇ ಹುಡುಕಿ ತರಬೇಕಾಯಿತು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ 65 ಲಕ್ಷ ಹೆಸರುಗಳಿರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂದು ಕಾರಣ ಕೊಟ್ಟರು. ಬಹಳಷ್ಟು ಮಟ್ಟಿಗೆ ನಿಜವೂ ಇರಬಹುದು. ಮೊದಲು ಹೇಳಿದ 11 ದಾಖಲೆಗಳಲ್ಲಿ ಬಡವರ ಕೈಯಲ್ಲಿರುವ ಆಧಾರ್ ಇರಲಿಲ್ಲ, ಪಡಿತರ ಚೀಟಿ ಇರಲಿಲ್ಲ. ಆಧಾರನ್ನು ಹನ್ನೆರಡನೆಯದಾಗಿ ಸೇರಿಸಿಕೊಳ್ಳಿ ಎಂದು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಅಸ್ಸಾಮಿನಲ್ಲಿ ಇದರ ಪೂರ್ಣ ರೂಪವನ್ನೇ ಕಂಡಿದ್ದೇವೆ. ಮದುವೆಯಾಗಿ ಬೇರೆ ಊರಿಗೆ ಹೋದ ಬಡ ಹೆಂಗಸರಿಗೆ ತಾವು ತಂದೆಯ ಮಗಳೆಂದು ತೋರಿಸಲು ಇದ್ದದ್ದು ಪಂಚಾಯಿತಿ ಕಾರ್ಯದರ್ಶಿ ಕೊಟ್ಟ ಪ್ರಮಾಣಪತ್ರ ಒಂದೇ. ಸುಮಾರು 48 ಲಕ್ಷ ಮಂದಿ ಅದನ್ನು ನಂಬಿ ಅರ್ಜಿ ಹಾಕಿದ್ದರು. 2017ರ ಫೆಬ್ರವರಿಯಲ್ಲಿ ಗುವಾಹಾಟಿ ಹೈಕೋರ್ಟು ಅದು ನಡೆಯದು ಎಂದಿತು. ರುಪಜಾನ್ ಬೇಗಂ ಅವರ ಹೆಸರಿನ ಪ್ರಕರಣದಲ್ಲಿ ಅದೇ ವರ್ಷದ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು, ಪರಿಶೀಲನೆಗೊಳಪಟ್ಟು ಅದನ್ನು ಒಪ್ಪಬಹುದು ಎಂದಿತು. ಆ ಒಂಬತ್ತು ತಿಂಗಳು ಆ ಹೆಂಗಸರು ಹೇಗೆ ನಿದ್ದೆ ಮಾಡಿದರೋ! 2019ರ ಆಗಸ್ಟ್ 31ರಂದು ಬಂದ ಕೊನೆಯ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಕಳ್ಳನ ಮೇಲೆ ಕಳ್ಳತನ ಹೊರಿಸಬೇಕಾದರೂ ಆರೋಪ ಮಾಡಿದವನೇ ಸಾಬೀತು ಮಾಡಬೇಕು. ವಿದೇಶೀಯರೆಂಬ ಆರೋಪದಲ್ಲಿ ಮಾತ್ರ 1946ರ ಕಾಯ್ದೆಯಿಂದಲೂ ಹೊರೆ ಆರೋಪ ಹೊತ್ತವರದ್ದೇ. 2025ರ ಹೊಸ ಕಾಯ್ದೆಯೂ ಅದನ್ನು ಇಳಿಸಲಿಲ್ಲ.

'ಎಲ್ಲರೂ ದಾಖಲೆ ತೋರಿಸುವಾಗ ನಿಮಗೇನು ಕಷ್ಟ?' ಎಂದು ಕೇಳುವ ಸ್ನೇಹಿತರಿದ್ದಾರೆ. ಅವರನ್ನು ನಾವು ಚಳ್ಳಕೆರೆ ತಾಲ್ಲೂಕಿಗೆ ಕರೆಯುತ್ತೇವೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗೆ ಇರಿಸುತ್ತಿದ್ದರು. ಬಯಲಿನ ಗುಡಿಸಲಿನಲ್ಲಿ ಹುಟ್ಟಿದ ಕೂಸಿನ ಜನ್ಮಸ್ಥಳದ ಕಾಲಂನಲ್ಲಿ ಏನು ಬರೆಯುತ್ತೀರಿ? ದೇವರ ದನಗಳ ಹಿಂದೆ ಕಾಡು ತಿರುಗುತ್ತಿದ್ದ ಮ್ಯಾಸಬೇಡರ ಅಜ್ಜಿಯರನ್ನು ಕೇಳಿ, ಲಂಬಾಣಿ ತಾಂಡಾದ ಅಜ್ಜಿಯರನ್ನು ಕೇಳಿ, ಹೊಲೆಮಾದಿಗರ ಕೇರಿಯ ಅಜ್ಜಿಯರನ್ನು ಕೇಳಿ. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೊಂದು ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೆ ಹಿಂದಿನವರೆಲ್ಲ ಯಾರೋ ಬರೆದುಕೊಂಡರೆ ಉಂಟು, ಇಲ್ಲವಾದರೆ ಇಲ್ಲ.

ಬರೆದಿಲ್ಲ ಎಂಬುದನ್ನೇ ಇರಲಿಲ್ಲ ಎಂದು ಓದಿದರೆ ಏನಾಗುತ್ತದೆಂದು ಈ ತಾಲ್ಲೂಕು ಕಂಡಿದೆ. ಇಲ್ಲಿಯ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ, ತಲೆತಲಾಂತರದಿಂದ ಅಲ್ಲಿ ಕುರಿ ದನ ಮೇಯಿಸುತ್ತಿದ್ದವರಿಗೆ ಬೇಲಿ ಎದ್ದ ಮೇಲೆಯೇ ವಿಷಯ ತಿಳಿದದ್ದು. ಮೇಯಿಸಿದ್ದಕ್ಕೆ ಪಹಣಿಯಲ್ಲಿ ಕಾಲಂ ಎಲ್ಲಿದೆ?

ಕೆಲಸಕ್ಕೂ ಕಾಲಂ ಇರಲಿಲ್ಲ. ಅಜ್ಜಿ ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತಿದರು. ಅಜ್ಜ ಹೋದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಚಳ್ಳಕೆರೆಗೆ ಬಂದು, ಎಣ್ಣೆ ಮಿಲ್ಲುಗಳಲ್ಲಿ ಶೇಂಗಾ ಹಸನು ಮಾಡಿದರು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯಿದೆ, ಚಳ್ಳಕೆರೆಗೆ ಎಣ್ಣೆ ನಗರಿಯೆಂಬ ಹೆಸರು ಬಂದಿತ್ತು. ಎರಡಕ್ಕೂ ಬೆನ್ನು ಬಾಗಿಸಿದವಳ ಉದ್ಯೋಗ ಮರಣ ದಾಖಲೆಯಲ್ಲಿ 'ಇಲ್ಲ' ಎಂದಿದೆ. ಅದೇ ನಾಲ್ಕನೆಯ ಕಾಗದ, 1991ರದು. ವಯಸ್ಸು 70. ಅದಕ್ಕೆ ಹಿಂದಿನ ಮತದಾರರ ಪಟ್ಟಿಯಲ್ಲಿ 60 ಎಂದಿತ್ತು. ಸರಿಯಾಗಿ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ: 2019-20ರ ಕೈಮಗ್ಗ ಗಣತಿಯಲ್ಲಿ ದೇಶದ 35 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿದಾಗ ನೇಕಾರರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಹೆಂಗಸರೇ ಇದ್ದರು.

ನಾವು ದಾಖಲೆಯ ವಿರೋಧಿಗಳಲ್ಲ. ಬಲವಿದ್ದವನಿಗೆ ಕಾಗದ ಬೇಕಿಲ್ಲ, ಬಲವಿಲ್ಲದವಳಿಗೇ ಬೇಕು. ಹೆಣ್ಣಿನ ಹೆಸರಿನಲ್ಲಿ ಪಹಣಿಯಿರಲಿ, ಮನೆಯ ಖಾತೆಯಿರಲಿ ಎಂದು ಕೂಗುವವರ ಸಾಲಿನಲ್ಲಿ ನಾವೂ ಇದ್ದೇವೆ. ನಮ್ಮ ತಕರಾರು ಇಷ್ಟು: ಸರಕಾರ ತಾನು ಬರೆಯದೆ ಬಿಟ್ಟದ್ದಕ್ಕೆ ತಾನೇ ಹೊಣೆ ಹೊರಲಿ. 1970ಕ್ಕಿಂತ ಮೊದಲು ಹುಟ್ಟಿದವರ ವಿಷಯದಲ್ಲಿ ಊರಿನ ಹಿರಿಯರ ಹೇಳಿಕೆ, ಮನೆಯವರ ಹೇಳಿಕೆ, ಮಸೀದಿ ದೇವಸ್ಥಾನ ಚರ್ಚುಗಳ ದಫ್ತರು ಇವುಗಳಿಗೆ ಶಾಲೆಯ ಸರ್ಟಿಫಿಕೇಟಿನಷ್ಟೇ ತೂಕ ಕೊಡಲಿ. ಅನುಮಾನವಿದ್ದರೆ ಅನುಮಾನಪಟ್ಟವನೇ ಸಾಬೀತು ಮಾಡಲಿ. ಹತ್ತು ವರ್ಷಕ್ಕೊಮ್ಮೆ ಜನಗಣತಿಯವರು ಅಜ್ಜಿಯ ಬಾಗಿಲಿಗೆ ಬಂದು ಎಣಿಸಿಕೊಂಡು ಹೋಗಿದ್ದಾರೆ. 1948ರ ಕಾಯ್ದೆಯ ಪ್ರಕಾರ ಆ ವಿವರ ಗೋಪ್ಯ, ಮೊಮ್ಮಕ್ಕಳಿಗೂ ತೋರಿಸುವುದಿಲ್ಲ. ಗೋಪ್ಯತೆ ಇರಲಿ, ಒಳ್ಳೆಯದೇ. ಎಣಿಸುವಾಗ ಇದ್ದವಳು ಕೇಳುವಾಗ ಇರಲಿಲ್ಲ ಎನ್ನಬೇಡಿ.

ಜಮಾಅತ್‌ಗಳಿಗೂ ಒಂದು ಮಾತು. 2020ರಲ್ಲಿ ಮಹಲ್ಲಾ ಮಹಲ್ಲಾಗಳಲ್ಲಿ ಮೇಜು ಹಾಕಿಕೊಂಡು ಜನರ ದಾಖಲೆ ಸರಿಪಡಿಸಿಕೊಟ್ಟಿರಿ, ಅದು ದೊಡ್ಡ ಸೇವೆ. ಆ ಮೇಜಿನ ಮೇಲೆ ಹೆಣ್ಣುಮಕ್ಕಳ ಪಾಲಿನ ಲೆಕ್ಕವನ್ನೂ ಇಡಬಾರದೇಕೆ? ನಿಕಾಹ್ ದಫ್ತರಿನಲ್ಲಿ ವಧುವಿನ ತಾಯಿಯ ಹೆಸರು ಬರೆಯುವುದಕ್ಕೆ, ಹುಟ್ಟಿದ ತಾರೀಕು ಬರೆಯುವುದಕ್ಕೆ, ಮಹರ್ ಕೈಗೆ ಬಂತೋ ಇಲ್ಲವೋ ಎಂದು ಆಕೆಯನ್ನೇ ಕೇಳಿ ಬರೆಯುವುದಕ್ಕೆ ಯಾವ ಸರಕಾರದ ಅಪ್ಪಣೆ ಬೇಕು?

ಇಷ್ಟೆಲ್ಲ ಬರೆದ ಮೇಲೆ ನಮ್ಮ ತಪ್ಪನ್ನೂ ಹೇಳದಿದ್ದರೆ ನ್ಯಾಯವಲ್ಲ. ಪೌತಿ ಖಾತೆಗೆಂದು ನಾವೊಂದು ವಂಶವೃಕ್ಷಕ್ಕೆ ಅರ್ಜಿ ಹಾಕಿದ್ದೆವು. ಹಿಂದೆ ಶಾನುಭೋಗರು, ಆಮೇಲೆ ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತ ಅಧಿಕಾರಿಗಳು. ಕುರ್ಚಿಯ ಹೆಸರು ಬದಲಾದರೂ ಆ ಮರ ಬೆಳೆಯುವ ರೀತಿ ಬದಲಾಗಿಲ್ಲ. ಗಂಡುಮಕ್ಕಳ ಕೊಂಬೆ ಚಿಗುರುತ್ತದೆ, ಹೆಣ್ಣುಮಕ್ಕಳದು ಕತ್ತರಿಸಿಹೋಗುತ್ತದೆ. ನಮಗೆ ಸಿಕ್ಕ ವಂಶವೃಕ್ಷದಲ್ಲಿ ಅಜ್ಜಿಗೆ ನಾಲ್ವರು ಗಂಡುಮಕ್ಕಳು, ಅಷ್ಟೆ. ಸೋದರತ್ತೆ ಇರಲಿಲ್ಲ. ಕಚೇರಿಯವರನ್ನು ಬೈಯಬೇಕೆಂದು ಅರ್ಜಿಯ ನಕಲು ತೆಗೆದು ನೋಡಿದೆವು. ಅದನ್ನು ಬರೆದವರು ನಾವೇ. ನಾಲ್ಕೇ ಹೆಸರು ಬರೆದಿದ್ದೆವು. ಯಾವ ದುರುದ್ದೇಶವೂ ಇರಲಿಲ್ಲ, ನೆನಪೇ ಆಗಿರಲಿಲ್ಲ. ಅಜ್ಜಿಯ ಜಾತ್ರೆ, ಬಿಳೀ ದೊರೆಯ ಗುಂಡಿ, ಉಡದ ಸೀರೆ, ಮಾಫ್ ಆದ ಮಹರ್ ಎಲ್ಲವನ್ನೂ ನಮಗೆ ಹೇಳಿದ್ದು ಆಕೆಯೇ.

ಹೊಸ ಅರ್ಜಿ ಬರೆದುಕೊಂಡು ಸೋದರತ್ತೆಯ ಮನೆಗೆ ಹೋದೆವು. ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ವಿಷಯ ಹೇಳಿದಾಗ ಸಿಟ್ಟೂ ಮಾಡಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, "ಯಾವ ಹೆಸರು ಬರೆಸ್ತೀಯಪ್ಪ?" ಎಂದರು. "ಆಧಾರ್‌ನಾಗೆ ಒಂದೈತೆ, ರೇಷನ್ ಕಾರ್ಡ್‌ನಾಗೆ ಒಂದೈತೆ. ಅವ್ವ ಕರೀತಿದ್ದುದು ಇನ್ನೊಂದು."